ನಾಲ್ಕು ಗಂಟೆ ದೂರದ ತಂಗಿ

ಬೀದಿಯವರೆಲ್ಲ ಅವನನ್ನು ತೊಟ್ಟಿಯಣ್ಣ ಎಂದೇ ಕರೆಯುತ್ತಿದ್ದರು. ಕರೆಯದೆ ಏನು ಮಾಡಿಯಾರು? ಮನೆಯ ಹಿಂದೆ ಸಿಮೆಂಟಿನ ತೊಟ್ಟಿ, ಪಡಸಾಲೆಯಲ್ಲಿ ಗಾಜಿನ ತೊಟ್ಟಿ, ಮಹಡಿಯ ಮೇಲೆ ಯಾರೋ ಬಿಸಾಡಿದ ಸ್ನಾನದ ತೊಟ್ಟಿ, ಎಲ್ಲದರಲ್ಲೂ ಮೀನು. ತಿನ್ನುವ ಮೀನಲ್ಲ, ನೋಡುವ ಮೀನು. ಅದರಲ್ಲೂ ಏಂಜಲ್ ಮೀನೆಂದರೆ ಅವನಿಗೆ ಪ್ರಾಣ. ಅಂಗೈಯಗಲದ ಬೆಳ್ಳಿ ಮೈ, ಅದರ ಮೇಲೆ ಕಪ್ಪು ಪಟ್ಟೆ. ನೆಂಟರು ಬಂದರೆ ಕೂರಿ ಎನ್ನುವ ಮೊದಲು "ಗಾಜಿನ ಹತ್ರ ಕೈ ಆಡಿಸ್ಬೇಡಿ, ಹೆದರ್ತವೆ" ಎನ್ನುವ ಆಸಾಮಿ.

ಅವನ ಮೀನು ಮಾರಾಟವಾಗುತ್ತಿದ್ದುದು ಸಮುದ್ರದಾಚೆಯ ಇನ್ನೊಂದು ದೊಡ್ಡ ಊರಿನಲ್ಲಿ. ಅಲ್ಲಿ ಮೀನು ಇಳಿಸಿಕೊಂಡು ಅಂಗಡಿಯಲ್ಲಿಟ್ಟು ಮಾರುವವರು ಅವನ ತಂಗಿ ಮತ್ತು ಅವಳ ಗಂಡ. ತಂಗಿ ಎಂದರೆ ಹೆಸರಿಗೆ ತಂಗಿ, ನಿಜಕ್ಕೆ ಮಗಳು. ಹೆತ್ತವರು ಬೇಗ ಹೋದ ಮೇಲೆ ಅವಳಿಗೆ ಜಡೆ ಹೆಣೆದವನು ಅವನು, ಶಾಲೆಗೆ ಕಳಿಸಿದವನು ಅವನು. ಅವನು ಊರಿನ ಅಂಗಡಿಗಳಿಗೆ ಮೀನು ಕಟ್ಟುತ್ತ ಚೀಲಕ್ಕೆ ಗಾಳಿ ತುಂಬುವಾಗ ಮುಂಗೈ ತುಂಬ ರಬ್ಬರ್ ಬ್ಯಾಂಡ್ ಹಾಕಿಕೊಂಡು ಒಂದೊಂದೇ ಬಿಚ್ಚಿ ಕೊಡುತ್ತ ಬೆಳೆದವಳು ಅವಳು. ಮದುವೆಯಾಗಿ ಸಮುದ್ರ ದಾಟಿದಾಗ ಅವನು ವಾರಗಟ್ಟಲೆ ಯಾರೊಡನೆಯೂ ಸರಿಯಾಗಿ ಮಾತಾಡಿರಲಿಲ್ಲ. ಆಮೇಲೆ ಸಮುದ್ರದಾಚೆಗೆ ಮೀನು ಕಳಿಸುವ ಈ ವ್ಯವಹಾರ ಶುರುವಾಯಿತು. ಮೀನು ಇಳಿದ ಕೂಡಲೇ ಅವಳ ಫೋನು ಬರುತ್ತಿತ್ತು. "ಬಂದ್ರು ಕಣಣ್ಣ ನಿನ್ನ ಮಕ್ಳು" ಎಂದು ಶುರುಮಾಡಿ ಅರ್ಧ ಗಂಟೆ ಹರಟುತ್ತಿದ್ದಳು. ನಿಜ ಹೇಳಬೇಕೆಂದರೆ ಅವನು ಮೀನು ಕಳಿಸುತ್ತಿದ್ದುದೇ ಆ ಅರ್ಧ ಗಂಟೆಗೆ.

ಮೀನು ಕಟ್ಟುವುದಕ್ಕೂ ಒಂದು ರೀತಿಯಿದೆ. ಹಿಂದಿನ ದಿನ ಅವಕ್ಕೆ ಉಪವಾಸ. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪಾಲು ನೀರು, ಮಿಕ್ಕಿದ್ದೆಲ್ಲ ಸಿಲಿಂಡರಿನ ಆಮ್ಲಜನಕ, ಬಾಯಿಗೆ ರಬ್ಬರ್ ಬ್ಯಾಂಡ್. ಚೀಲ ಥರ್ಮೋಕೋಲ್ ಡಬ್ಬಿಯೊಳಗೆ, ಡಬ್ಬಿಗೆ ಮುಚ್ಚಳ. ಕತ್ತಲಿದ್ದರೆ ಮೀನು ಗಲಾಟೆ ಮಾಡದೆ ಸುಮ್ಮನಿರುತ್ತದೆ. ವಿಮಾನ ಬೆಳಿಗ್ಗೆ ಏಳಕ್ಕೆ. ತೊಟ್ಟಿಯಣ್ಣ ನಸುಕಿನಲ್ಲೆದ್ದು, ಕಟ್ಟಿದ್ದೇ ತಡ ಗಾಡಿಗೆ ಹಾಕುತ್ತಿದ್ದ. ನಾಲ್ಕು ಗಂಟೆಯ ಹಾರಾಟ ತಾನೇ ಎಂದು ಚೀಲಗಳನ್ನು ಒತ್ತೊತ್ತಾಗಿಯೇ ತುಂಬುತ್ತಿದ್ದ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದು ಸಲ ಮಾತ್ರ ಒಂದು ಡಬ್ಬಿಗೆ ಡಬ್ಬಿಯೇ ಸತ್ತುಹೋಯಿತು. ಆ ಸುದ್ದಿ ಹೇಳಲು ಫೋನು ಮಾಡಿದ್ದು ತಂಗಿಯ ಗಂಡ. ಅವನಿಗೂ ತೊಟ್ಟಿಯಣ್ಣನಿಗೂ ವಯಸ್ಸಿನಲ್ಲಿ ಅಂಥ ಅಂತರವಿರಲಿಲ್ಲ. ಯಾರು ದೊಡ್ಡವರು ಎಂಬುದು ಇತ್ಯರ್ಥವಾಗದೆ ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆದುಕೊಳ್ಳುತ್ತಿದ್ದರು.

"ಭಾವ, ಒಂದು ಡಬ್ಬಿ ಪೂರಾ ಕೈಬಿಟ್ಟು ಹೋಯ್ತು. ಇಳಿಸಿದೋರು ಬಿಸಿಲಲ್ಲೇ ಇಟ್ಟುಬಿಟ್ಟಿದ್ರಂತೆ," ಎಂದು ಹೇಳಿ ಭಾವ ನಕ್ಕ.

ಆ ನಗುವೇ ಎಡವಟ್ಟು ಮಾಡಿದ್ದು. ಭಾವ ಎಲ್ಲದಕ್ಕೂ ನಗುವವನು. ತಲೆನೋವು ಬಂದರೂ ನಗುತ್ತಾನೆ, ಬಸ್ಸು ತಪ್ಪಿದರೂ ನಗುತ್ತಾನೆ. ಇದು ತೊಟ್ಟಿಯಣ್ಣನಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಒಂದು ಡಬ್ಬಿ ಮೀನು ಸತ್ತದ್ದಕ್ಕೆ ಯಾರು ನಗುತ್ತಾರೆ ಎಂದು ಅವನ ತಲೆಗೆ ಹುಳ ಬಿಟ್ಟಂತಾಯಿತು.

ಅವತ್ತು ಮಧ್ಯಾಹ್ನ ಊಟ ಮುಗಿಸಿ ಫೋನು ಹಿಡಿದು ಕೂತ. ಈ ಊರಿಂದ ಆ ಊರಿಗೆ ಎಷ್ಟು ದೂರ ಎಂದು ಹುಡುಕಿದ. ಎರಡು ಸಾವಿರದ ಎಂಟುನೂರು ಕಿಲೋಮೀಟರು, ವಿಮಾನದಲ್ಲಿ ನಾಲ್ಕು ಗಂಟೆ ಎಂದಿತ್ತು. ಸರಿ. ಆಮೇಲೆ ವಿಮಾನದ ವೇಳಾಪಟ್ಟಿ ತೆಗೆದ. ಏಳಕ್ಕೆ ಹೊರಟ ವಿಮಾನ ಅಲ್ಲಿ ಇಳಿಯುವುದು ಮಧ್ಯಾಹ್ನ ಒಂದೂವರೆಗೆ. ಬೆರಳು ಮಡಿಸಿ ಎಣಿಸಿದ. ಇನ್ನೊಮ್ಮೆ ಎಣಿಸಿದ.

"ಏನೇ, ಬಾ ಇಲ್ಲಿ," ಎಂದು ಹೆಂಡತಿಯನ್ನು ಕರೆದ. "ನಾಲ್ಕು ಗಂಟೆ ದಾರಿಗೆ ಆರೂವರೆ ಗಂಟೆ ಆಗುತ್ತೆ. ಉಳಿದ ಎರಡೂವರೆ ಗಂಟೆ ನನ್ನ ಮೀನು ಎಲ್ಲಿರುತ್ತೆ? ನಡುವೆ ಎಲ್ಲೋ ಇಳಿಸ್ತಾರೆ. ಅಲ್ಲಿ ಕೈ ಬದಲಾಗುತ್ತೆ."

ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು ಪರದೆಯ ಮೇಲೆ ಕಣ್ಣಾಡಿಸಿದಳು. "ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ ಓಡುತ್ತೆ ರೀ. ನಿಮ್ಮ ತಂಗಿ ರಾತ್ರಿ ಮಲಗೋ ಹೊತ್ತಿಗೆ ನಾವಿನ್ನೂ ಊಟಕ್ಕೆ ಕೂತಿರಲ್ಲ, ಇಷ್ಟು ವರ್ಷದಿಂದ ಗೊತ್ತಿಲ್ವಾ?"

ಗೊತ್ತಿತ್ತು. ಗೊತ್ತಿದ್ದೂ ಎಣಿಸಿದ್ದ. ಮುಖ ಗಂಟಿಕ್ಕಿಕೊಂಡು ಎದ್ದುಹೋದ. ಲೆಕ್ಕ ಸರಿಹೋಯಿತು, ಅನುಮಾನ ಮಾತ್ರ ಸರಿಹೋಗಲಿಲ್ಲ. ಒಂದು ಸಲ ಮನಸ್ಸು ಕೆಟ್ಟರೆ ಅದಕ್ಕೆ ಲೆಕ್ಕ ಯಾಕೆ ಬೇಕು?

ಅದರ ಮುಂದಿನ ಸಲ ಕೆಲವು ಮೀನು ಹೋಗಿವೆ ಎಂದು ತಂಗಿ ಹೇಳಿದಳು. ದೂರದ ದಾರಿಯಲ್ಲಿ ಒಂದೆರಡು ಹೋಗುವುದು ಇದ್ದದ್ದೇ. ಅವನು ಹೂಂಗುಟ್ಟಿದ. ಆದರೆ ಅದಾದ ನಾಲ್ಕೈದು ದಿನಕ್ಕೆ ವಿಡಿಯೋದಲ್ಲಿ ಮಾತಾಡುವಾಗ, ತಂಗಿಯ ಬೆನ್ನ ಹಿಂದೆ, ಅವರ ಮನೆಯ ಹಜಾರದಲ್ಲಿ ಹೊಸದೊಂದು ಗಾಜಿನ ತೊಟ್ಟಿ ಕಂಡಿತು. ಅದರಲ್ಲಿ ಏಂಜಲ್ ಮೀನು. ಪಟ್ಟೆ ನೋಡಿದರೆ ತನ್ನವೇ.

"ಅದೇನಮ್ಮ ಹಿಂದೆ?" ಎಂದ.

"ಏನಿಲ್ಲ ಬಿಡಣ್ಣ, ಸುಮ್ನೆ," ಎಂದು ಅವಳು ಫೋನನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡಳು.

ಅಂದರೆ, ಸತ್ತ ಮೀನುಗಳು ಹಜಾರದಲ್ಲಿ ಈಜುತ್ತಿವೆ. ಭಾವ ಹೊಂಚುಹಾಕಿ ಏನೋ ಆಟ ಹೂಡಿದ್ದಾನೆ, ಬದುಕಿದ್ದನ್ನು ಸತ್ತಿತು ಎಂದು ಹೇಳಿ ಅದರ ದುಡ್ಡು ಉಳಿಸಿಕೊಳ್ಳುತ್ತಿದ್ದಾನೆ. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಭಾವ ಹೊರಗಿನಿಂದ ಬಂದವನು. ಅವನು ಮೋಸ ಮಾಡಿದರೆ ನಾಲ್ಕು ಬೈದು ಮರೆಯಬಹುದು. ಆದರೆ ಫೋನು ತಿರುಗಿಸಿದ್ದು ತಂಗಿ. ಅವಳೂ ಇದರಲ್ಲಿ ಸೇರಿಕೊಂಡಿದ್ದಾಳಾ? ಈ ಒಂದು ಪ್ರಶ್ನೆ ಅವನ ನಿದ್ದೆಯನ್ನೂ ಊಟವನ್ನೂ ತಿಂದುಹಾಕಿತು. ಹೋದ ಮೀನು ಹೋಗಲಿ, ತಂಗಿ ಒಳ್ಳೆಯವಳಾಗಿಯೇ ಉಳಿದರೆ ಸಾಕು ಎಂದು ಒಳಗೊಳಗೇ ಬೇಡಿಕೊಂಡ. ಬೇಡಿಕೊಂಡು ಸುಮ್ಮನಿದ್ದನೇ ಎಂದರೆ, ಇಲ್ಲ. ಸಾಕ್ಷಿ ಕೂಡಿಹಾಕಲು ನಿಂತ.

ಏಂಜಲ್ ಮೀನಿನ ಪಟ್ಟೆ ಒಂದರಂತೆ ಇನ್ನೊಂದಿರುವುದಿಲ್ಲ. ಒಂದಕ್ಕೆ ಪಟ್ಟೆ ನಡುವೆ ಮುರಿದಿರುತ್ತದೆ, ಇನ್ನೊಂದಕ್ಕೆ ಬಾಲದ ಬುಡದಲ್ಲಿ ಚುಕ್ಕೆ. ಕಳಿಸುವ ಪ್ರತಿಯೊಂದು ಮೀನಿನ ಫೋಟೋ ತನ್ನ ಬಳಿ ಇದ್ದರೆ, ನಾಳೆ ಅವರು ಸತ್ತ ಮೀನಿನ ಫೋಟೋ ಕಳಿಸಿದಾಗ ಪಟ್ಟೆಗೆ ಪಟ್ಟೆ ತಾಳೆ ನೋಡಬಹುದು. ಒಂದೇ ಹೆಣವನ್ನು ಎರಡು ಸಲ ತೋರಿಸಿದರೆ ಅಲ್ಲೇ ಹಿಡಿಯಬಹುದು. ಈ ಉಪಾಯ ಹೊಳೆದಾಗ ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಹೆಮ್ಮೆಯಾಯಿತು.

ಅಷ್ಟು ಮೀನಿನ ಫೋಟೋ ತೆಗೆಯುವುದು ನಸುಕಿನಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಹಿಂದಿನ ಸಂಜೆಯೇ ಚೀಲ ಕಟ್ಟತೊಡಗಿದ. ಕಟ್ಟಿದ ಚೀಲವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, ಮೀನು ಸರಿಯಾಗಿ ಪಕ್ಕ ತೋರಿಸದಿದ್ದರೆ ಬೆರಳಲ್ಲಿ ತಟ್ಟಿ, ಫೋಟೋ ಹೊಡೆಯುವುದು. ಮೀನುಗಳು ಗಾಬರಿಯಾಗಿ ಚೀಲದ ತುಂಬ ಓಡಾಡುತ್ತಿದ್ದವು. ಹೆಂಡತಿ ಬಾಗಿಲಲ್ಲಿ ನಿಂತು, "ಪಾಸ್‌ಪೋರ್ಟ್ ಮಾಡಿಸ್ತಾ ಇದ್ದೀರಾ ಅವಕ್ಕೆ?" ಎಂದಳು.

"ನಿನಗೆ ಅರ್ಥ ಆಗಲ್ಲ, ಒಳಗೆ ಹೋಗು."

ಆ ಸಲವೂ ಹತ್ತು ಹನ್ನೆರಡು ಹೋಗಿವೆ ಎಂದು ತಂಗಿ ಫೋನಿನಲ್ಲಿ ಹೇಳಿದಳು. ಅದರ ಮುಂದಿನ ಸಲವೂ ಅಷ್ಟೇ. ಸತ್ತವುಗಳ ಫೋಟೋ ಕಳಿಸು ಎಂದರೆ, "ಅಯ್ಯೋ, ಅದನ್ನೇನು ನೋಡ್ತೀಯ, ಬಿಡು" ಎಂದು ಮಾತು ಮರೆಸಿದಳು. ಮಾತು ಮರೆಸುವವರು ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಅದರಲ್ಲಿ ಅವನು ತಪ್ಪಿರಲಿಲ್ಲ. ಏನನ್ನು ಎಂಬುದರಲ್ಲಿ ಮಾತ್ರ ತಪ್ಪಿದ್ದ.

ಕೊನೆಗೊಂದು ದಿನ ಯಾರಿಗೂ ಹೇಳದೆ ಅದೇ ವಿಮಾನದಲ್ಲಿ ತನಗೂ ಒಂದು ಸೀಟು ಮಾಡಿಸಿಕೊಂಡ. ಹೆಂಡತಿಗೆ ಮಾತ್ರ ಹೇಳಲೇಬೇಕಾಯಿತು. ಅವಳು ವಾದ ಮಾಡಲಿಲ್ಲ, ಅವನ ಫೋನು ಹೊರದೇಶದಲ್ಲೂ ಹತ್ತುವಂತೆ ಮಾಡಿಸಿಕೊಟ್ಟು, "ಹೋಗಿ, ನೋಡಿಯೇ ಬನ್ನಿ. ನಿಮ್ಮ ಜೊತೆ ಇರೋದಕ್ಕಿಂತ ನೀವಿಲ್ಲದಿರೋದೇ ಈಗ ನೆಮ್ಮದಿ," ಎಂದಳು. ಹಿಂದಿನ ಸಂಜೆ ಎಂದಿನಂತೆ ಚೀಲ ಕಟ್ಟಿ, ಎಂದಿನಂತೆ ಫೋಟೋ ತೆಗೆದು ಹೊರಟ.

ಮೀನು ಕೆಳಗೆ ಸರಕಿನ ಜಾಗದಲ್ಲಿ, ಅವನು ಮೇಲೆ ಕಿಟಕಿಯ ಪಕ್ಕದಲ್ಲಿ. ಎದುರಿನ ಪುಟ್ಟ ಪರದೆಯಲ್ಲಿ ಅರ್ಧ ಏಷ್ಯಾ ಹರಡಿಕೊಂಡಿತ್ತು. ನೀಲಿ ಸಮುದ್ರದ ಮೇಲೆ ಬಿಳಿ ವಿಮಾನವೊಂದು ತೆವಳುತ್ತಿತ್ತು. ಉಳಿದ ದೂರ ಇಷ್ಟು, ಉಳಿದ ಹೊತ್ತು ಇಷ್ಟು ಎಂದು ಕೆಳಗೆ ಅಂಕಿ ಇಳಿಯುತ್ತಿತ್ತು. ಅವನು ಅದನ್ನು ಬಿಟ್ಟು ಕಣ್ಣು ಕದಲಿಸಲಿಲ್ಲ. ವಿಮಾನ ಸ್ವಲ್ಪ ಎಡಕ್ಕೆ ವಾಲಿದರೂ ಯಾಕೆ ವಾಲಿತು ಎಂದು ಅನುಮಾನ. ಊಟ ತಂದ ಗಗನಸಖಿ ಬಗ್ಗಿ, "ಮೀನಿದೆ, ಕೋಳಿಯಿದೆ, ಯಾವುದು ಕೊಡ್ಲಿ ಸರ್?" ಎಂದಾಗ ಬೆಚ್ಚಿಬಿದ್ದು, "ಯಾವ ಮೀನು?" ಎಂದು ಅವಳನ್ನು ದುರುಗುಟ್ಟಿ ನೋಡಿದ. ಅವಳು ಕೋಳಿ ಇಟ್ಟು ಮುಂದೆ ಹೋದಳು.

ವಿಮಾನ ಹೇಳಿದ ಹೊತ್ತಿಗೇ ಇಳಿಯಿತು. ನಡುವೆ ಎಲ್ಲೂ ನಿಲ್ಲಲಿಲ್ಲ, ಯಾರೂ ಏನನ್ನೂ ಇಳಿಸಲಿಲ್ಲ. ದಾರಿಯ ಮೇಲಿದ್ದ ಅನುಮಾನ ಅಲ್ಲಿಗೆ ತೀರಿತು. ಉಳಿದದ್ದು ಭಾವ. ತೊಟ್ಟಿಯಣ್ಣ ಪ್ರಯಾಣಿಕರ ಬಾಗಿಲಿನಿಂದ ಹೊರಬಿದ್ದು, ಕೇಳಿಕೊಂಡು ಕೇಳಿಕೊಂಡು ಸರಕಿನ ಶೆಡ್ಡಿಗೆ ನಡೆದ. ಉದ್ದನೆಯ ತಗಡಿನ ಶೆಡ್ಡು, ಎಲ್ಲೆಲ್ಲೂ ಡಬ್ಬಿಗಳ ರಾಶಿ, ತಳ್ಳುಗಾಡಿಗಳ ಗಡಗಡ. ಒಂದು ದಪ್ಪ ಕಂಬದ ಹಿಂದೆ, ಯಾವುದೋ ಸೋಫಾದ ಪೆಟ್ಟಿಗೆಗೆ ಒರಗಿ, ಕಳ್ಳನ ಹಾಗೆ ಕಾದ.

ಬಹಳ ಹೊತ್ತಿನ ಮೇಲೆ ಡಬ್ಬಿಗಳು ಹೊರಬಂದವು. ತಂಗಿ, ಭಾವ ಇಬ್ಬರೂ ಬಂದಿದ್ದರು. ತಂಗಿ ಸ್ವಲ್ಪ ಇಳಿದುಹೋಗಿದ್ದಳು. ಅಲ್ಲೇ ಒಂದು ಮೇಜಿನ ಮೇಲೆ ಡಬ್ಬಿಯ ಮುಚ್ಚಳ ತೆಗೆದು, ಚೀಲವನ್ನು ಬೆಳಕಿಗೆ ಹಿಡಿದು ನೋಡಿ, ಬಿಚ್ಚಿ, ಸತ್ತವನ್ನು ಒಂದು ನೀಲಿ ಬಕೆಟ್ಟಿಗೆ ಹಾಕತೊಡಗಿದಳು. ಭಾವ ಆ ಕಡೆಗೆ ಬೆನ್ನು ಹಾಕಿ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ, ಮೇಜಿನ ಹತ್ತಿರಕ್ಕೂ ಸುಳಿಯಲಿಲ್ಲ. ತೊಟ್ಟಿಯಣ್ಣ ಕತ್ತು ಚಾಚಿ ನೋಡಿದ. ತಂಗಿ ಬಕೆಟ್ಟಿಗೆ ಹಾಕುತ್ತಲೇ ಇದ್ದಳು. ಬಕೆಟ್ಟು ಅರ್ಧವಾಯಿತು, ಅರ್ಧ ದಾಟಿತು. ಬೆಳ್ಳಿ ಮೈಗಳು ಒಂದರ ಮೇಲೊಂದು ಬಿದ್ದಿದ್ದವು. ಹತ್ತಲ್ಲ, ಹನ್ನೆರಡಲ್ಲ, ಅದರ ನಾಲ್ಕೈದು ಪಟ್ಟು.

ಅವಳು ಕೈಯನ್ನೂ ಒರೆಸಿಕೊಳ್ಳದೆ ಫೋನು ತೆಗೆದಳು. ಕಂಬದ ಹಿಂದೆ ಅವನ ಜೇಬು ನಡುಗಿತು.

"ಹಲೋ," ಎಂದು ಪಿಸುಗುಟ್ಟಿದ.

"ಅಣ್ಣ, ಬಂದ್ರು ನಿನ್ನ ಮಕ್ಳು. ಎಲ್ಲಾ ಚೆನ್ನಾಗಿವೆ."

"ಎಷ್ಟು ಹೋಗಿವೆ?"

ಅವಳು ಬಕೆಟ್ಟಿನ ಕಡೆ ನೋಡಿದಳು. "ಒಂದು ಹತ್ತು ಹೋಗಿರ್ಬೇಕು. ನೀನೇನೂ ತಲೆಗೆ ಹಚ್ಕೋಬೇಡ. ಊಟ ಆಯ್ತಾ?"

ಅವಳು ಸುಳ್ಳು ಹೇಳುವುದನ್ನು ಅವನು ಕಣ್ಣಾರೆ ಕಂಡ. ಇಷ್ಟು ದಿನ ಹಿಡಿಯಬೇಕೆಂದು ಹಾತೊರೆದದ್ದು ಇದನ್ನೇ. ಆದರೆ ಸುಳ್ಳು ತಲೆಕೆಳಗಾಗಿತ್ತು. ಅವರು ಇಲ್ಲದ ಸಾವನ್ನು ಹೇಳುತ್ತಿದ್ದಾರೆ ಎಂದುಕೊಂಡು ಅವನು ಬಂದಿದ್ದ. ಅವಳು ಇದ್ದ ಸಾವನ್ನು ನುಂಗುತ್ತಿದ್ದಳು. ಅಷ್ಟರಲ್ಲಿ ಶೆಡ್ಡಿನ ಮೈಕು ಯಾವುದೋ ಲಾರಿಯ ನಂಬರನ್ನು ಜೋರಾಗಿ ಕೂಗಿತು.

"ಅಣ್ಣ, ಇಲ್ಲಿ ಕೂಗಿದ್ದೇ ಅಲ್ಲೂ ಕೂಗ್ತಾ ಇದೆಯಲ್ಲ," ಎನ್ನುತ್ತ ಅವಳು ತಿರುಗಿದಳು. ಫೋನು ಕಿವಿಗಿಟ್ಟುಕೊಂಡು ಕಂಬದ ಪಕ್ಕ ನಿಂತಿದ್ದ ಅಣ್ಣ ಕಂಡ.

ಮೊದಲು ಓಡಿಬಂದದ್ದು ಭಾವ. "ಏನ್ ಭಾವ, ಹೇಳದೆ ಕೇಳದೆ. ಫೋನ್ ಮಾಡಿದ್ರೆ ಬಾಗಿಲಲ್ಲೇ ನಿಂತಿರ್ತಿದ್ವಲ್ಲ," ಎಂದು ಅವನ ಚೀಲವನ್ನು ಕಸಿದು ಹೆಗಲಿಗೇರಿಸಿಕೊಂಡ. "ಒಳ್ಳೇದಾಯ್ತು ಬಂದಿದ್ದು. ಭಾವನ್ನ ಕರೆಸು, ಮೀನು ಯಾಕೆ ಹೀಗೆ ಬರ್ತಿವೆ ಅಂತ ಅವರೇ ನೋಡ್ಲಿ ಅಂತ ಇವಳಿಗೆ ಎಷ್ಟು ಸಲ ಹೇಳಿದೆ. ಇವಳು ಬೇಡ ಅಂತಾಳೆ. ಸಾಯೋ ಹಾಗಿರೋದನ್ನೆಲ್ಲ ಮನೆಗೆ ಎತ್ಕೊಂಡು ಬಂದು ಹಜಾರದಲ್ಲಿ ಆಸ್ಪತ್ರೆ ಇಟ್ಟಿದ್ದಾಳೆ. ನನಗೋ, ಸತ್ತಿದ್ದನ್ನ ನೋಡೋಕಾಗಲ್ಲ." ಹೇಳುತ್ತ ಹೇಳುತ್ತ ನಕ್ಕ. ಅದೇ ನಗು. ಅದರಲ್ಲಿ ಏನೂ ಇರಲಿಲ್ಲ, ಬರೀ ಸಂಕೋಚ. "ಇರಿ, ಟೀ ತರ್ತೀನಿ," ಎಂದು ಹೊರಟುಹೋದ.

ಅಣ್ಣ ತಂಗಿ ಇಬ್ಬರೇ ಉಳಿದರು. ತಂಗಿ ಇನ್ನೂ ಬಿಚ್ಚದ ಒಂದು ಚೀಲವನ್ನು ಅವನ ಮುಂದೆ ಎತ್ತಿ ಹಿಡಿದಳು. ನೀರು ಹಳದಿಗಟ್ಟಿ ನೊರೆಯಾಗಿತ್ತು.

"ಇದು ಬೆಳಗ್ಗೆ ಕಟ್ಟಿದ ನೀರಲ್ಲ ಅಣ್ಣ. ನೋಡಿದ್ರೆ ನಂಗೆ ಗೊತ್ತಾಗುತ್ತೆ. ನಾಲ್ಕು ಗಂಟೆ ವಿಮಾನದಲ್ಲಿ ಇಷ್ಟು ಕೆಡಲ್ಲ." ಅವಳ ದನಿ ಮೆತ್ತಗಿತ್ತು. "ಕೈ ನೋವಾ? ನಸುಕಿಗೆ ಏಳೋಕಾಗ್ತಿಲ್ವಾ? ವಯಸ್ಸಾಯ್ತು, ಮೊದಲಿನ ಹಾಗೆ ಕೆಲಸ ಓಡ್ತಿಲ್ಲ ಅಂತ ಅಂದ್ಕೊಂಡೆ. ಅದಕ್ಕೇ ನಾನು ಕಡಿಮೆ ಹೇಳ್ತಿದ್ದೆ. ನಿಜ ಹೇಳಿದ್ರೆ ನೀನು ಊಟ ಬಿಟ್ಟು ಕೂತ್ಕೋತೀಯ."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಕೈ ನೋವು, ಕಣ್ಣು ಮಂಜು, ಏನಾದರೊಂದು ಹೇಳಬಹುದಿತ್ತು. ಅವಳೇ ಬಾಗಿಲು ತೆರೆದು ನಿಂತಿದ್ದಳು. ಅವನು ಬಾಯಿ ತೆರೆದೂ ತೆರೆದ. ಆದರೆ ಬಕೆಟ್ಟು ಕಣ್ಣ ಮುಂದೆಯೇ ಇತ್ತು. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಬೆರಳಿಂದ ತಟ್ಟಿ ತಟ್ಟಿ ಓಡಿಸಿದ್ದ ಮೀನುಗಳು ಅವು. ದಾರಿಯನ್ನು ಇಷ್ಟುದ್ದ ಮಾಡಿದವನು ತಾನೇ ಎಂಬುದು ಅವನಿಗೆ ಆಗ ಹೊಳೆಯಿತು.

"ಹಿಂದಿನ ಸಂಜೆ ಕಟ್ತಿದ್ದೆ," ಎಂದ. "ಫೋಟೋ ತೆಗೆಯೋಕೆ ಹೊತ್ತು ಬೇಕಿತ್ತು."

"ಏನು ಫೋಟೋ?"

"ಒಂದೊಂದು ಮೀನಿಂದು. ಪಟ್ಟೆ ಕಾಣೋ ಹಾಗೆ."

"ಯಾತಕ್ಕೆ?"

ಅವನು ಕೈಯಲ್ಲಿದ್ದ ಫೋನನ್ನು ಜೇಬಿಗೆ ಸೇರಿಸಿದ. ತಂಗಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವನ ಕೈಯಲ್ಲೇ ಬೆಳೆದವಳು. ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

"ಅದಕ್ಕೇ ಹೇಳದೆ ಬಂದೆಯಾ? ಕಂಬದ ಹಿಂದೆ ನಿಂತಿದ್ದೂ ಅದಕ್ಕೇನಾ?"

"ನಿನ್ನ ಮೇಲಲ್ಲಮ್ಮ. ಭಾವ ಏನಾದ್ರೂ..."

"ಇವರು ಒಂದು ದಿನಾನೂ ಎಣಿಸಿಲ್ಲ. ಹತ್ರಾನೇ ಬರಲ್ಲ, ನೋಡಿದ್ಯಲ್ಲ. ಎಣಿಸ್ತಿದ್ದವಳು ನಾನು. ನಿಂಗೆ ಹೇಳ್ತಿದ್ದವಳೂ ನಾನೇ." ಇನ್ನೊಂದು ಚೀಲ ಎತ್ತಿಕೊಳ್ಳುತ್ತ, "ಇವರಿಗೆ ಇದನ್ನ ಹೇಳ್ಬೇಡ. ಇವರು ನಿನ್ನನ್ನ ದೇವರ ಹಾಗೆ ಅಂದ್ಕೊಂಡಿದ್ದಾರೆ," ಎಂದಳು.

ಅಷ್ಟರಲ್ಲಿ ಭಾವ ಮೂರು ಲೋಟ ಟೀ ಹಿಡಿದುಕೊಂಡು ಬಂದ. ತೊಟ್ಟಿಯಣ್ಣ ಎರಡು ದಿನ ಅವರ ಮನೆಯಲ್ಲಿದ್ದ. ತಂಗಿ ಅವನಿಗೆ ಬೇಕಾದ್ದನ್ನೆಲ್ಲ ಮಾಡಿ ಬಡಿಸಿದಳು, ಹಾಸಿಗೆ ಹಾಸಿಕೊಟ್ಟಳು, ಎದುರು ಸಿಕ್ಕಾಗ ನಕ್ಕಳು. ಮಾತಿಗೆ ಕೂರಲಿಲ್ಲ. ಅವನು ಅಡುಗೆಮನೆಗೆ ಬಂದರೆ ಅವಳಿಗೆ ಅಂಗಡಿಯಲ್ಲಿ ಕೆಲಸವಿರುತ್ತಿತ್ತು, ಅಂಗಡಿಗೆ ಬಂದರೆ ಅಡುಗೆಮನೆಯಲ್ಲಿ. ಬಿಟ್ಟುಬರಲು ವಿಮಾನ ನಿಲ್ದಾಣಕ್ಕೆ ಬಂದದ್ದು ಭಾವನೊಬ್ಬನೇ.

ಊರಿಗೆ ಬಂದವನು ಫೋನಿನಲ್ಲಿದ್ದ ಫೋಟೋಗಳನ್ನೆಲ್ಲ ಅಳಿಸಿಹಾಕಿದ. ಮುಂದಿನ ಸಲ ನಸುಕಿನಲ್ಲೆದ್ದು, ಮೊದಲಿಗಿಂತ ಸಡಿಲವಾಗಿ ಮೀನು ತುಂಬಿ, ಕಟ್ಟಿದ್ದೇ ತಡ ಗಾಡಿಗೆ ಹಾಕಿದ. ಆಮೇಲೆ ಗೋಡೆಯ ಗಡಿಯಾರದ ಕೆಳಗೆ ಬಂದು ಕೂತ. ವಿಮಾನ ಇಳಿದಿರಬೇಕು. ಡಬ್ಬಿ ಹೊರಬಂದಿರಬೇಕು. ಹೆಂಡತಿ ಊಟಕ್ಕೆ ಕರೆದರೂ ಏಳಲಿಲ್ಲ.

ಫೋನು ಬಂತು. ಎರಡು ಕೈಯಲ್ಲೂ ಎತ್ತಿಕೊಂಡ.

"ಭಾವ, ಈ ಸಲ ಒಂದೂ ಹೋಗಿಲ್ಲ," ಎಂದು ಭಾವ ಖುಷಿಯಿಂದ ಹೇಳಿದ. "ಎಲ್ಲಾ ಕುಣೀತಾ ಇವೆ. ನೀವು ಬಂದು ನೋಡಿ ಹೋಗಿದ್ದೇ ಒಳ್ಳೇದಾಯ್ತು."

"ಸಂತೋಷ ಭಾವ. ಅವಳಿಲ್ವಾ?"

ಆ ಕಡೆ ಭಾವ ಫೋನಿಗೆ ಕೈ ಅಡ್ಡಹಿಡಿದು ಏನೋ ಕೇಳಿದ. ಹಿಂದಿನಿಂದ ತಂಗಿಯ ದನಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿತು. ಮಾತು ಏನೆಂದು ಕೇಳಿಸಲಿಲ್ಲ.

"ಇಲ್ಲೇ ಇದ್ದಾಳೆ ಭಾವ. ಕೈ ಒದ್ದೆಯಾಗಿದೆಯಂತೆ, ಆಮೇಲೆ ಮಾಡ್ತಾಳಂತೆ."

"ಆಗ್ಲಿ ಭಾವ," ಎಂದ ತೊಟ್ಟಿಯಣ್ಣ. "ಅವಸರ ಏನಿಲ್ಲ ಅಂತ ಹೇಳಿ."

ಹೆಂಡತಿ ತಟ್ಟೆ ಹಾಕಿ ಮತ್ತೊಮ್ಮೆ ಕರೆದಳು. ಅವನು ಫೋನನ್ನು ಪಕ್ಕದಲ್ಲಿಟ್ಟುಕೊಂಡೇ ಉಂಡ. ಸಂಜೆಯವರೆಗೂ ಕಾದ. ಅದರ ಮುಂದಿನ ಸಲವೂ ಫೋನು ಮಾಡಿದ್ದು ಭಾವನೇ.